ಪುಟ ನೂರ ನಲವತ್ತೇಳರ ತಿದ್ದುಪಡಿ

ಅಮ್ಮ ಹೋದ ಮೇಲೆ ನಾನು ಅಂಗಡಿಯಲ್ಲಿ ತಂದ ಒಂದೇ ಒಂದು ಬದಲಾವಣೆ ಎಂದರೆ ಆ ಚೀಟಿ. ಎಷ್ಟು ಪ್ರತಿ, ರಟ್ಟಿಗೆ ಯಾವ ಬಣ್ಣದ ಬಟ್ಟೆ, ಬೆನ್ನಿನ ಮೇಲೆ ಹೆಸರು ಬೇಕೋ ಬೇಡವೋ, ಯಾವತ್ತಿಗೆ ಬೇಕು ಎಂದು ಸಾಲಾಗಿ ಬರೆದು, ಮುಂದೆ ಖಾಲಿ ಜಾಗ ಬಿಟ್ಟು, ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ನೂರು ಪ್ರತಿ ತೆಗೆಸಿ, ದಾರ ಕಟ್ಟಿದ ಪೆನ್ನಿನ ಜೊತೆ ಮೇಜಿನ ಮೇಲಿಟ್ಟೆ. ಬಂದವರು ತುಂಬಿ ಕೊಡುತ್ತಿದ್ದರು, ನಾನು ಓದಿ ತಲೆಯಾಡಿಸುತ್ತಿದ್ದೆ. ಮಾತಾಡುವ ಪ್ರಮೇಯವೇ ಬರುತ್ತಿರಲಿಲ್ಲ.

"ಬೈಂಡ್ ಮಾಡಿಸೋಕೆ ಬಂದ್ವೋ ಪಾಸ್‌ಪೋರ್ಟ್ ಮಾಡಿಸೋಕೆ ಬಂದ್ವೋ" ಎಂದು ಒಬ್ಬ ವಿದ್ಯಾರ್ಥಿ ಗೆಳೆಯನ ಕಿವಿಯಲ್ಲಿ ಅಂದ. ನನಗೆ ಕೇಳಿಸಿತು. ಅದಕ್ಕೂ ತಲೆಯಾಡಿಸಿದೆ.

ಅಮ್ಮನ ಕಾಲದಲ್ಲಿ ಹೀಗಿರಲಿಲ್ಲ. ನಮ್ಮದು ವಿಶ್ವವಿದ್ಯಾಲಯದ ಹಿಂಬದಿಯ ಗೇಟಿಗೆ ಎದುರಾಗಿರುವ ಒಂದೇ ಕೋಣೆಯ ಅಂಗಡಿ. ಸಂಶೋಧನೆ ಮಾಡಿದವರ ಪ್ರಬಂಧಗಳಿಗೆ ಹೊಲಿಗೆ ಹಾಕಿ, ಅಂಟು ಹಚ್ಚಿ, ರಟ್ಟು ಕಟ್ಟಿ, ಬೆನ್ನಿನ ಮೇಲೆ ಚಿನ್ನದ ಬಣ್ಣದ ಅಕ್ಷರ ಒತ್ತಿಕೊಡುವುದು ನಮ್ಮ ಕೆಲಸ. ಅಮ್ಮನನ್ನು ಎಲ್ಲರೂ ಗೋಂದಕ್ಕ ಎಂದೇ ಕರೆಯುತ್ತಿದ್ದರು. ಪ್ರಬಂಧ ಒಪ್ಪಿಸುವ ಕೊನೆಯ ದಿನ ಕಣ್ಣಲ್ಲಿ ನೀರು ತುಂಬಿಕೊಂಡು ಓಡಿಬಂದವರನ್ನು ಅವಳು ಸ್ಟೂಲಿನ ಮೇಲೆ ಕೂರಿಸಿ, "ನಾಲ್ಕು ವರ್ಷ ಕೂತು ಬರೆದಿದ್ದು ನೀನು, ನಾಲ್ಕು ಗಂಟೇಲಿ ಕಟ್ಟಿ ಕೊಡಬೇಕಾದ್ದು ನಾನು. ಈಗ ಅಳಬೇಕಾದ್ದು ಯಾರು, ನೀನೇ ಹೇಳು" ಅನ್ನುತ್ತಿದ್ದಳು. ಅವರು ನಗುವಷ್ಟರಲ್ಲಿ ಕೆಲಸ ಅರ್ಧ ಆಗಿರುತ್ತಿತ್ತು. ನಾನು ಪರದೆಯ ಹಿಂದೆ ಕೂತು ಹೊಲಿಯುತ್ತಿದ್ದೆ. ಪದವಿ ಮುಗಿಸಿದ ಮೇಲೂ ಅಲ್ಲೇ ಕೂತೆ. ಕತ್ತರಿಸಿ ಉಳಿದ ಕಾಗದದ ಪಟ್ಟಿಗಳಿಂದ ಅಮ್ಮ ನನಗೆ ಉದ್ದನೆಯ ಸಣಕಲು ಪುಸ್ತಕಗಳನ್ನು ಹೊಲಿದುಕೊಡುತ್ತಿದ್ದಳು. ಹೇಳಬೇಕಾದ್ದನ್ನೆಲ್ಲ ನಾನು ಅವುಗಳಲ್ಲಿ ಬರೆದಿಡುತ್ತಿದ್ದೆ. ಒಂದು ಸಾಲಿಗೆ ಮೂರು ಪದ ಹಿಡಿಸುತ್ತಿತ್ತು. ನನಗೆ ಅಷ್ಟು ಸಾಕಾಗಿತ್ತು.

ಅವಳು ಹೋಗಿ ಎಂಟು ತಿಂಗಳಾಗಿತ್ತು. ಚೀಟಿಗಳು ನೂರರಲ್ಲಿ ಅರವತ್ತು ಹಾಗೇ ಉಳಿದಿದ್ದವು.

"ನಿನ್ನನ್ನ ಬೈತಾ ಇಲ್ಲ ಪುಟ್ಟೀ" ಎಂದು ಸೋಮವಾರ ಬೆಳಿಗ್ಗೆ ಅಣ್ಣ ಟೀ ಕುಡಿಯುತ್ತ ಶುರುಮಾಡಿದ. ಅವನು ವಿಮೆ ಕಚೇರಿಯಲ್ಲಿ ಕೆಲಸ ಮಾಡುತ್ತಾನೆ. ಕೆಟ್ಟ ಸುದ್ದಿಯನ್ನು ಮೆತ್ತಗೆ ಹೇಳುವ ಅಭ್ಯಾಸ ಅಲ್ಲಿಂದ ಬಂದದ್ದು. "ಕೈಕೆಲಸ ನಿಂದು ಅಮ್ಮನಿಗಿಂತ ಒಂದು ಕೈ ಮೇಲೆ. ಯಾರೂ ಇಲ್ಲ ಅನ್ನಲ್ಲ. ಆದ್ರೆ ಅಂಗಡಿ ಅಂದ್ರೆ ಬಾಯಿ ಬೇಕಲ್ವಾ? ಹೋದ ವಾರ ಫೋನು ಬಡ್ಕೊಳ್ತಾ ಇದ್ರೆ ನೀನು ಅದರ ಮೇಲೆ ಬಟ್ಟೆ ಮುಚ್ಚಿದ್ಯಂತೆ. ಜೆರಾಕ್ಸ್ ಅಂಕಲ್ ಹೇಳಿದ್ರು."

ಮುಚ್ಚಿದ್ದು ನಿಜ. ಬಟ್ಟೆಯಲ್ಲ, ಕುರ್ಚಿಯ ಮೆತ್ತೆ.

"ಶನಿವಾರ ಬಾಡಿಗೆ ಕರಾರು ಮುಗಿಯುತ್ತೆ. ನಾನು ಮುಂದುವರಿಸ್ತಾ ಇಲ್ಲ. ಜೆರಾಕ್ಸ್ ಅಂಕಲ್ ನಡುವಿನ ಗೋಡೆ ಒಡೆದು ಎರಡೂ ರೂಮು ಒಂದು ಮಾಡ್ಕೋತಾರಂತೆ. ನಿನಗೆ ಅಲ್ಲೇ ಕೆಲಸ ಕೊಡ್ತಾರೆ. ಸ್ಪೈರಲ್ ಹಾಕೋದು. ಯಾರ ಹತ್ರಾನೂ ಮಾತಾಡೋ ಗೋಜಿಲ್ಲ."

ಕೋಣೆಯ ಕರಾರು ಮೊದಲು ಅಪ್ಪನ ಹೆಸರಲ್ಲಿತ್ತು. ಅಪ್ಪ ತೀರಿಕೊಂಡ ಮೇಲೆ ಅಣ್ಣನ ಹೆಸರಿಗೆ ಬಂತು. ಅಮ್ಮನ ಹೆಸರು ಅದರಲ್ಲಿ ಯಾವತ್ತೂ ಇರಲಿಲ್ಲ. ಅಣ್ಣ ನನ್ನ ಒಳ್ಳೆಯದಕ್ಕೇ ಹೇಳುತ್ತಿದ್ದಾನೆಂದು ನನಗೆ ಗೊತ್ತಿತ್ತು. ಆ ಕೋಣೆ ಇಲ್ಲದಿದ್ದರೆ ಬೆಳಿಗ್ಗೆ ಎದ್ದು ನಾನು ಎಲ್ಲಿಗೆ ಹೋಗಲಿ, ಅಂಟಿನ ವಾಸನೆಯಲ್ಲಿ ಅಮ್ಮ ಇನ್ನೂ ಸ್ವಲ್ಪ ಇದ್ದಾಳೆ, ಅದನ್ನು ಒಡೆದು ಜೆರಾಕ್ಸ್ ಮೆಷಿನ್ ಇಟ್ಟರೆ ಅವಳು ಎಲ್ಲಿಗೆ ಹೋಗಲಿ ಎಂದು ಕೇಳಬೇಕಿತ್ತು. ಲೋಟ ತೊಳೆದಿಟ್ಟು ಅಂಗಡಿಗೆ ಹೋದೆ.

ಮಂಗಳವಾರ ಒಬ್ಬರು ಮೇಡಂ ಬಂದರು. ಎರಡೂ ಕೈಯಲ್ಲಿ ಕಾಗದದ ಕಟ್ಟು, ಐದು ಪ್ರತಿ. ಕಣ್ಣಿನ ಕೆಳಗೆ ಕಪ್ಪು.

"ಗೋಂದಕ್ಕ…" ಅಂದು, ನನ್ನ ಮುಖ ನೋಡಿ ತಾವೇ ನಿಲ್ಲಿಸಿಕೊಂಡರು. "ಅಯ್ಯೋ, ಹೌದಲ್ಲ. ನಿಮ್ಮಣ್ಣ ಫೋನಲ್ಲಿ ಹೇಳಿದ್ರು. ಮರೆತೇಬಿಟ್ಟಿದ್ದೆ. ಅಭ್ಯಾಸಬಲದಲ್ಲಿ ಕಾಲು ಇಲ್ಲಿಗೇ ಬಂತು ನೋಡಿ."

ನಾನು ಚೀಟಿ ಮುಂದೆ ತಳ್ಳಿದೆ. ಅವರು ತುಂಬತೊಡಗಿದರು. ಕಪ್ಪು ಬಟ್ಟೆ, ಐದು ಪ್ರತಿ, ಶುಕ್ರವಾರ.

"ಈ ತಿಂಗಳಿಗೆ ಮುಚ್ತೀರಿ ಅಂತಾನೂ ಹೇಳಿದ್ರು, ಹೌದಾ?" ಎಂದು ಬರೆಯುತ್ತಲೇ ಕೇಳಿದರು.

ನಾನು ತಲೆಯಾಡಿಸಿದೆ. ಬೇರೆ ಏನು ಮಾಡುವುದೆಂದು ತಿಳಿಯದೆ ಎಲ್ಲದಕ್ಕೂ ಆಡಿಸುವ ಹಾಗೆಯೇ ಆಡಿಸಿದ್ದು. ಅವರು "ಪಾಪ" ಎಂದು ನಿಟ್ಟುಸಿರುಬಿಟ್ಟು ಹೋದರು.

ಹೊಲಿಯುವ ಮೊದಲು ಪುಟಗಳ ಸರತಿ ನೋಡಬೇಕು. ಐದೂ ಪ್ರತಿಯಲ್ಲಿ ಒಂದೊಂದೇ ಹಾಳೆ ತಿರುವಿ, ಒಂದು ಹಾಳೆ ತಲೆಕೆಳಗಾಗಿದ್ದರೂ ಹಿಡಿಯಬೇಕು. ಅಮ್ಮ ಸಂಖ್ಯೆ ಮಾತ್ರ ನೋಡುತ್ತಿದ್ದಳು. ನನಗೆ ಓದುವ ಚಟ. ಬುಧವಾರ ಬೆಳಿಗ್ಗೆ ಮೊದಲ ಹಾಳೆ ಎತ್ತಿದೆ. ಮಹಿಳೆಯರ ಉದ್ಯಮಶೀಲತೆ ಮತ್ತು ವ್ಯವಹಾರದ ಯಶಸ್ಸನ್ನು ರೂಪಿಸುವ ಅಂಶಗಳು: ಒಂದು ಅಧ್ಯಯನ. ಸ್ವಂತ ವ್ಯವಹಾರ ನಡೆಸುವ ಅರವತ್ತೆರಡು ಹೆಂಗಸರನ್ನು ಕಂಡು, ಪ್ರಶ್ನೆ ಕೇಳಿ, ಉತ್ತರಗಳನ್ನು ಕೋಷ್ಟಕ ಮಾಡಿದ್ದರು. ಹೆಸರುಗಳಿಲ್ಲ. ಮಾಹಿತಿದಾರೆ ಒಂದು, ಮಾಹಿತಿದಾರೆ ಎರಡು ಎಂದು ಸಂಖ್ಯೆಗಳು.

ನೂರ ನಲವತ್ತೇಳನೆಯ ಪುಟದಲ್ಲಿ ಅಮ್ಮ ಸಿಕ್ಕಳು.

ಮಾಹಿತಿದಾರೆ 14. ಉದ್ಯಮ: ಪುಸ್ತಕ ಬೈಂಡಿಂಗ್. ಆರಂಭಿಸಿದವರು: ಪತಿ. ನಿರ್ಧಾರ ಕೈಗೊಳ್ಳುವವರು: ಮಗ. ಯಶಸ್ಸಿಗೆ ಮುಖ್ಯ ಕಾರಣ: ಕುಟುಂಬದ ಸಹಕಾರ. ಎದುರಿಸಿದ ಅಡೆತಡೆಗಳು: ಇಲ್ಲ. ಈಗಿನ ಸ್ಥಿತಿ: ಮುಚ್ಚಿದೆ.

ಹಾಳೆಯಿಂದ ತಲೆ ಎತ್ತಿ ಸುತ್ತ ನೋಡಿದೆ. ಶಟರ್ ಮೇಲಕ್ಕೆತ್ತಿಯೇ ಇದೆ. ಬಿಸಿಲು ಮೇಜಿನವರೆಗೂ ಬಂದಿದೆ. ಅಂಟಿನ ಡಬ್ಬಿ ಪಕ್ಕದಲ್ಲಿ ತೆರೆದಿದೆ. ಮುಚ್ಚಿದೆ ಎಂದು ಬರೆದಿರುವ ಅಂಗಡಿಯ ಒಳಗೇ ಕೂತು ಮುಚ್ಚಿದೆ ಎಂಬುದನ್ನು ನಾನು ಹೊಲಿಯಬೇಕಿತ್ತು, ಅದೂ ಐದು ಸಲ.

ಆ ಮೇಡಂ ಎರಡು ವರ್ಷದ ಹಿಂದೆ ಬಂದಿದ್ದ ದಿನ ನನಗೆ ಚೆನ್ನಾಗಿ ನೆನಪಿದೆ. ಅಮ್ಮ ಕೈಯಲ್ಲಿ ಕುಂಚ ಹಿಡಿದು ಒಂದು ದೊಡ್ಡ ರಟ್ಟಿಗೆ ಅಂಟು ಬಳಿಯುತ್ತಿದ್ದಳು. ಮೇಡಂ ಸ್ಟೂಲಿನ ಮೇಲೆ ಕೂತು ಪ್ರಶ್ನೆ ಓದುತ್ತಿದ್ದರು. ಶುರು ಮಾಡಿದ್ದು ಯಾರು? "ನಮ್ಮ ಯಜಮಾನ್ರು." ಯಾವ ಕೆಲಸ ಹಿಡಿಯಬೇಕು ಬಿಡಬೇಕು ಅನ್ನೋದು? "ಮಗ ಇದಾನಲ್ಲ." ತೊಂದರೆ? "ಏನಿಲ್ಲಮ್ಮ." ನಾನು ಪರದೆಯ ಹಿಂದೆ ಸೂಜಿ ಹಿಡಿದು ಎಲ್ಲವನ್ನೂ ಕೇಳಿಸಿಕೊಂಡೆ. ಎದ್ದು ಬಂದು ಒಂದು ಮಾತು ಹೇಳಲಿಲ್ಲ.

ಅಪ್ಪ ಬಸ್ ಕಂಡಕ್ಟರ್ ಆಗಿದ್ದರು. ಈ ಅಂಗಡಿಯಲ್ಲಿ ಅವರು ಮಾಡಿದ ಒಂದೇ ಕೆಲಸವೆಂದರೆ ಅಲುಗಾಡುತ್ತಿದ್ದ ಕುರ್ಚಿಯ ಕಾಲಿಗೆ ರಟ್ಟಿನ ಚೂರು ಕೊಟ್ಟದ್ದು. ಅದು ಈಗಲೂ ಅಲ್ಲೇ ಇದೆ. ಅಮ್ಮ ಮದುವೆಗೆ ಮುಂಚೆ ಒಂದು ಮುದ್ರಣಾಲಯದಲ್ಲಿ ಹಾಳೆ ಮಡಚುವ ಕೆಲಸಕ್ಕಿದ್ದಳು. ಹೊಲಿಗೆ ಕಲಿತದ್ದು ಅಲ್ಲಿ, ಹಿರಿಯ ಕೆಲಸಗಾರನೊಬ್ಬನ ಕೈ ನೋಡಿ ನೋಡಿ. ನಾನು ಹುಟ್ಟಿದ ವರ್ಷವೇ ಈ ಕೋಣೆ ಹುಡುಕಿದಳು. ಹಳೆಯ ಕತ್ತರಿಸುವ ಯಂತ್ರವನ್ನು ಗುಜರಿಯಿಂದ ತಂದಳು. ನನ್ನನ್ನು ರಟ್ಟಿನ ಪೆಟ್ಟಿಗೆಯಲ್ಲಿ ಮಲಗಿಸಿ ಕೆಲಸ ಮಾಡಿದಳು.

ಮೇಡಂ ಹೋದ ಮೇಲೆ ಕೇಳಿದ್ದೆ. "ಯಾಕಮ್ಮಾ ಹಾಗಂದೆ? ಶುರು ಮಾಡಿದ್ದು ನೀನಲ್ವಾ?"

ಅಮ್ಮ ರಟ್ಟಿನ ಮೇಲೆ ಬಟ್ಟೆ ಎಳೆದು ಅಂಗೈಯಲ್ಲಿ ಸವರುತ್ತಿದ್ದಳು. "ನಾನೇ ಅಂದ್ರೆ ‘ಹೇಗೆ, ಯಾಕೆ, ಧೈರ್ಯ ಎಲ್ಲಿಂದ ಬಂತು’ ಅಂತ ಇನ್ನು ಹತ್ತು ಪ್ರಶ್ನೆ ಕೇಳ್ತಾಳೆ. ಯಜಮಾನ್ರು ಅಂದ್ರೆ ಮುಂದಿನ ಪ್ರಶ್ನೆಗೆ ಹೋಗ್ತಾಳೆ. ಇಲ್ಲಿ ಅಂಟು ಒಣಗ್ತಾ ಇತ್ತಲ್ಲೇ."

ಪ್ರಬಂಧ ಅಚ್ಚಾದ ಮೇಲೆ ತಪ್ಪು ಕಂಡರೆ ಬೈಂಡಿಂಗಿನವರ ಹತ್ತಿರ ಅದಕ್ಕೊಂದು ಉಪಾಯವಿದೆ. ಬೆರಳಗಲದ ಕಾಗದದ ಮೇಲೆ, ಇಂಥ ಪುಟದಲ್ಲಿ ಇಂಥದ್ದನ್ನು ಹೀಗೆ ಓದಿಕೊಳ್ಳಿ ಎಂದು ಬರೆದು, ಮೊದಲ ಹಾಳೆಯ ಹಿಂದೆ ಅಂಚಿಗೆ ಅಂಟಿಸಿಬಿಡುವುದು. ತಿದ್ದುಪಡಿ ಚೀಟಿ ಅನ್ನುತ್ತೇವೆ. ಬರೆದವರು ಹೇಳಿದರೆ ಮಾತ್ರ ಅಂಟಿಸುತ್ತೇವೆ. ಬೈಂಡಿಂಗಿನವರು ತಾವಾಗಿ ಅಂಟಿಸಿದ್ದನ್ನು ನಾನು ಕಂಡಿಲ್ಲ, ಕೇಳಿಲ್ಲ.

ಐದು ಚೀಟಿ ಕತ್ತರಿಸಿ, ನನ್ನ ದುಂಡು ಅಕ್ಷರದಲ್ಲಿ ಬರೆದೆ.

ಪುಟ 147, ಮಾಹಿತಿದಾರೆ 14: ‘ಪತಿ’ ಎಂಬಲ್ಲಿ ‘ಸ್ವತಃ’ ಎಂದು ಓದಿಕೊಳ್ಳಿ.
ಅದೇ ಪುಟ, ಅದೇ ಸಾಲು: ‘ಮುಚ್ಚಿದೆ’ ಎಂಬಲ್ಲಿ ‘ತೆರೆದಿದೆ’ ಎಂದು ಓದಿಕೊಳ್ಳಿ.

ಅಂಟಿಸಿದೆ, ಹೊಲಿದೆ. ನನ್ನ ಕೈಗಳಿಗೆ ಯಾವಾಗಲೂ ನನಗಿಂತ ಧೈರ್ಯ ಹೆಚ್ಚು. ಬೇಗ ರಟ್ಟು ಕಟ್ಟಿ ಕೊಟ್ಟುಬಿಟ್ಟರೆ ಅವರು ತೆರೆದು ನೋಡುವುದು ಮನೆಗೆ ಹೋದ ಮೇಲೆ, ಆಗ ನಾನು ಎದುರಿಗಿರುವುದಿಲ್ಲ ಎಂಬುದು ನನ್ನ ಲೆಕ್ಕಾಚಾರವಾಗಿತ್ತು.

ಮೇಡಂ ಗುರುವಾರವೇ ಬಂದರು. "ಸುಮ್ಮನೆ ನೋಡೋಣ ಅಂತ. ಮನೇಲಿ ಕೂತಿರೋಕೆ ಆಗ್ತಿಲ್ಲ" ಅಂದರು. ಐದೂ ಪ್ರತಿ ಇನ್ನೂ ರಟ್ಟಿಲ್ಲದೆ, ಬರಿಯ ಬೆನ್ನು ತೋರಿಸುತ್ತ ಮೇಜಿನ ಮೇಲಿದ್ದವು. ಒಂದನ್ನು ಎತ್ತಿ ಮೊದಲ ಹಾಳೆ ತಿರುವಿದರು.

ನಾನು ಅಂಟಿನ ಡಬ್ಬಿಯ ಮುಚ್ಚಳ ಹುಡುಕುವ ನೆಪದಲ್ಲಿ ಬಗ್ಗಿದೆ.

"ಏನಿದು?"

ಎದ್ದು ನಿಂತೆ. ದಾರ ಕಟ್ಟಿದ ಪೆನ್ನಿಗೆ ಕೈ ಚಾಚಿದೆ. ಅವರು ಚೀಟಿಗಳ ಕಟ್ಟಿನ ಮೇಲೆ ಅಂಗೈ ಇಟ್ಟುಬಿಟ್ಟರು.

"ಬಾಯಲ್ಲಿ ಹೇಳಿ. ಇದನ್ನ ಬರೆದಿದ್ದು ಯಾರು?"

"ನಾನು."

"ನಿಮಗೆ ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ. ಅದು ನಿಜ."

"ಇದು ನನ್ನ ಆರು ವರ್ಷದ ಕೆಲಸ. ನಮ್ಮ ಗೈಡು ಇದನ್ನ ನೋಡಿದ್ರೆ ನನ್ನನ್ನ ಹುರಿದು ಮುಕ್ಕಿಬಿಡ್ತಾರೆ, ಗೊತ್ತಾ?" ಅವರ ಧ್ವನಿ ಏರಲಿಲ್ಲ. ಅದು ಇನ್ನೂ ಕಷ್ಟವಾಯಿತು. "ನಿಮ್ಮಮ್ಮ ಇದೇ ಜಾಗದಲ್ಲಿ ನಿಂತು ಹೇಳಿದ್ರು, ಯಜಮಾನ್ರು ಅಂತ. ನಾನು ಬರ್ಕೊಂಡೆ. ಈಗ ನೀವು ಅಲ್ಲ ಅಂದ್ರೆ ನಾನು ಯಾರನ್ನ ಹೋಗಿ ಕೇಳಲಿ?"

"ಅಂಟು ಒಣಗ್ತಾ ಇತ್ತು" ಅಂದೆ.

"ಏನು?"

"ಅವತ್ತು. ನೀವು ಕೇಳ್ತಾ ಇದ್ದಾಗ. ಅಮ್ಮನ ಕೈಯಲ್ಲಿ ರಟ್ಟಿತ್ತು. ನಾನೇ ಅಂದ್ರೆ ನೀವು ಇನ್ನು ಹತ್ತು ಪ್ರಶ್ನೆ ಕೇಳ್ತೀರಿ ಅಂತ…" ಅಲ್ಲಿಗೆ ಉಸಿರು ಮುಗಿಯಿತು. ಎಂಟು ತಿಂಗಳಲ್ಲಿ ನಾನು ಒಟ್ಟಿಗೆ ಆಡಿದ ಅತಿ ಉದ್ದದ ಮಾತು ಅದು.

ಮೇಡಂ ಸ್ಟೂಲಿನ ಮೇಲೆ ಕೂತರು. ಪ್ರತಿಯನ್ನು ತೊಡೆಯ ಮೇಲಿಟ್ಟುಕೊಂಡು ನೂರ ನಲವತ್ತೇಳನೆಯ ಪುಟದವರೆಗೂ ನಿಧಾನವಾಗಿ ತಿರುವಿದರು. ಪಕ್ಕದ ಅಂಗಡಿಯ ಮೆಷಿನ್ನು ಒಂದೇ ಸಮ ಹಾಳೆ ಉಗುಳುವ ಸದ್ದು ಗೋಡೆಯಾಚೆಯಿಂದ ಬರುತ್ತಿತ್ತು.

"ಅರವತ್ತೆರಡು ಜನ" ಅಂದರು ಕೊನೆಗೆ. "ಅದರಲ್ಲಿ ನಲವತ್ತೊಂದು ಜನ ಶುರು ಮಾಡಿದ್ದು ಪತಿ ಅಂದಿದಾರೆ. ಅದರ ಮೇಲೆ ಒಂದು ಅಧ್ಯಾಯವನ್ನೇ ಬರೆದಿದೀನಿ." ಬೆರಳಿನಿಂದ ಆ ಅಂಕಣದ ಮೇಲಿಂದ ಕೆಳಗೆ ಸವರಿದರು. "ಎಷ್ಟು ಜನರ ಅಂಟು ಒಣಗ್ತಾ ಇತ್ತೋ ಏನೋ."

ಅದು ನನ್ನನ್ನು ಕೇಳಿದ್ದಲ್ಲ.

"ಇದನ್ನ ಬದಲಾಯಿಸೋಕಾಗಲ್ಲ" ಎಂದು ಎದ್ದರು. "ಅವರು ಹೇಳಿದ್ದು ಅದು. ನಾನು ಕೇಳಿದ ರೀತಿ ಸರಿಯಿಲ್ಲದೇ ಇರಬಹುದು, ಆದ್ರೆ ಹೇಳಿದ್ದು ಅದೇ. ಎರಡನೇ ಸಾಲು ಬೇರೆ. ಅದನ್ನ ನಾನೇ ಕಣ್ಣಾರೆ ನೋಡಬಹುದು. ಸೋಮವಾರ ಒಪ್ಪಿಸ್ತೀನಿ. ಸೋಮವಾರ ಅಂಗಡಿ ತೆರೆದಿರುತ್ತಾ?"

ತಲೆ ತಾನಾಗಿ ಅಲುಗಿತು.

"ತಲೆ ಆಡಿಸಬೇಡಿ. ಮಂಗಳವಾರ ಮುಚ್ತೀರಾ ಅಂದಾಗಲೂ ಹೀಗೇ ಆಡಿಸಿದ್ರಿ."

ಅವರು ಕಾದರು. ಅಷ್ಟು ಹೊತ್ತು ಯಾರೂ ನನ್ನ ಮಾತಿಗಾಗಿ ಕಾದದ್ದಿಲ್ಲ. ಸಾಮಾನ್ಯವಾಗಿ ಜನ ಅಷ್ಟರಲ್ಲಿ ತಾವೇ ಉತ್ತರ ಹೇಳಿಕೊಂಡು ಹೋಗಿರುತ್ತಾರೆ.

"ತೆರೆದಿರುತ್ತೆ" ಅಂದೆ.

ಆ ಒಂದೇ ಸಾಲನ್ನು ಟೈಪ್ ಮಾಡಿಸಿ ತಂದುಕೊಟ್ಟರು. ನಾನು ನನ್ನ ಐದು ಚೀಟಿಗಳನ್ನು ಒದ್ದೆ ಹತ್ತಿಯಿಂದ ಸಡಿಲಿಸಿ ತೆಗೆದು, ಅಲ್ಲಿ ಅವರದನ್ನು ಅಂಟಿಸಿದೆ. ರಟ್ಟು ಕಟ್ಟುವ ಮುಂಚೆ ಪುಸ್ತಕದ ಬೆನ್ನು ಗಟ್ಟಿಯಾಗಿರಲೆಂದು ಅದಕ್ಕೊಂದು ರದ್ದಿ ಕಾಗದ ಅಂಟಿಸುತ್ತೇವೆ. ಹಳೆಯ ಕ್ಯಾಲೆಂಡರ್, ಪರೀಕ್ಷೆಯ ಹಾಳೆ, ಏನು ಸಿಕ್ಕರೆ ಅದು. ನನ್ನ ಚೀಟಿಗಳ ಮೇಲಿನ ಅರ್ಧವನ್ನು, ‘ಸ್ವತಃ’ ಎಂದಿರುವ ಸಾಲನ್ನು, ಕತ್ತರಿಸಿ ಐದೂ ಬೆನ್ನಿಗೆ ಒಂದೊಂದು ಹಚ್ಚಿದೆ. ಮೇಲೆ ರದ್ದಿ ಬಂತು, ಅದರ ಮೇಲೆ ಬಟ್ಟೆ ಬಂತು, ಚಿನ್ನದ ಅಕ್ಷರ ಬಂತು. ಐವತ್ತು ವರ್ಷದ ಮೇಲೆ ಯಾರಾದರೂ ಆ ಪುಸ್ತಕ ಬಿಚ್ಚಿ ಮತ್ತೆ ಕಟ್ಟಿದರೆ, ಆ ಬೈಂಡಿಂಗಿನವನಿಗೆ ಕಾಣುತ್ತದೆ. ಅವನು ಸಂಖ್ಯೆ ಮಾತ್ರ ನೋಡುವವನಾದರೆ ಅವನಿಗೂ ಇಲ್ಲ.

ಶುಕ್ರವಾರ ಮೇಡಂ ಪುಸ್ತಕ ತೆಗೆದುಕೊಂಡು ಹೋದರು. ಸಂಜೆ ಅಣ್ಣ ಶೂ ಬಿಚ್ಚುತ್ತಿದ್ದಾಗ ಹೇಳಿದೆ. "ಅಣ್ಣಾ, ರೂಮು ಬಿಡಬೇಡ."

ಅವನ ಕೈ ಲೇಸಿನ ಮೇಲೆ ನಿಂತಿತು. "ಜೆರಾಕ್ಸ್ ಅಂಕಲ್‌ಗೆ ಮಾತು ಕೊಟ್ಟಾಗಿದೆಯಲ್ಲೇ."

"ನಾನೂ ಕೊಟ್ಟಿದೀನಿ."

"ಯಾರಿಗೆ?"

"ಒಬ್ಬರು ಮೇಡಂಗೆ. ಸೋಮವಾರ ತೆರೆದಿರುತ್ತೆ ಅಂತ."

"ನೀನು ಹೇಳಿದ್ಯಾ? ಬಾಯಿ ಬಿಟ್ಟು?" ನಕ್ಕ. ಆಮೇಲೆ ನಾನು ನಗದಿರುವುದನ್ನು ನೋಡಿದ. "ಪುಟ್ಟೀ, ನಾಳೆ ನಾನು ಬಂದು ಸಹಿ ಹಾಕಿ, ನೀನು ಮತ್ತೆ ಫೋನಿನ ಮೇಲೆ ಮೆತ್ತೆ ಇಟ್ಟು ಕೂತ್ರೆ? ಬೇಕು ಅಂದ್ರೆ ನೀನೇ ಕಟ್ಟಡದ ಯಜಮಾನರ ಹತ್ರ ಮಾತಾಡು. ನಾನು ಬರಲ್ಲ. ನಿನ್ನ ಕೈಲಿ ಆಗ್ಲಿಲ್ಲ ಅಂದ್ರೆ ರೂಮು ಅಂಕಲ್‌ದು. ಆಮೇಲೆ ನನ್ನ ಮೇಲೆ ಮುಖ ಊದಿಸ್ಕೊಬಾರ್ದು."

ಮೆತ್ತೆಯ ವಿಷಯವೂ ಅವನಿಗೆ ಗೊತ್ತಿತ್ತು.

ಶನಿವಾರ ಹನ್ನೊಂದಕ್ಕೆ ಕಟ್ಟಡದ ಯಜಮಾನರು ಬಂದರು. ವಯಸ್ಸಾದವರು, ಕೈಯಲ್ಲಿ ಪ್ಲಾಸ್ಟಿಕ್ ಫೈಲು. ಹಿಂದೆಯೇ ಜೆರಾಕ್ಸ್ ಅಂಕಲ್, ಆಗಲೇ ನಡುವಿನ ಗೋಡೆಯನ್ನು ಬೆರಳಗಂಟಿನಿಂದ ತಟ್ಟಿ ನೋಡುತ್ತ. ನಾನು ಒಂದು ರಟ್ಟಿಗೆ ಅಂಟು ಬಳಿಯುತ್ತಿದ್ದೆ. ಕೈಯಲ್ಲಿ ಕೆಲಸವಿಲ್ಲದಿದ್ದರೆ ನನಗೆ ನಿಲ್ಲಲಾಗುತ್ತಿರಲಿಲ್ಲ.

"ನಿಮ್ಮಣ್ಣ ಎಲ್ಲಮ್ಮಾ?" ಎಂದು ಯಜಮಾನರು ನನ್ನ ಭುಜದ ಆಚೆ ಪರದೆಯ ಕಡೆ ನೋಡಿದರು.

"ಬರಲ್ಲ."

"ಮತ್ತೆ ಸಹಿ?"

"ನಾನು ಹಾಕ್ತೀನಿ. ಬಿಡೋದಕ್ಕಲ್ಲ. ನಡೆಸೋದಕ್ಕೆ. ನನ್ನ ಹೆಸರಿಗೆ ಬರೀರಿ."

ಅಂಕಲ್ ಗೋಡೆ ತಟ್ಟುವುದನ್ನು ನಿಲ್ಲಿಸಿದರು. "ಅಲ್ಲಮ್ಮಾ, ಇದೇನು ಹೊಸ ಕಥೆ? ನಿಮ್ಮಣ್ಣ ನನಗೆ…"

"ಅಂಕಲ್, ಅಣ್ಣ ಹೇಳಿದ್ದು ಅಣ್ಣಂದು" ಅಂದೆ. ಧ್ವನಿ ಕೀರಲಾಗಿತ್ತು. ನನಗೇ ನಾಚಿಕೆಯಾಯಿತು.

ಯಜಮಾನರು ನನ್ನನ್ನು ಮೊದಲ ಸಲ ನೋಡುವವರ ಹಾಗೆ ನೋಡಿದರು. "ನಿಮ್ಮಮ್ಮನೂ ಹೀಗೇ ಕೇಳಿದ್ಲು, ಮೊದಲನೇ ಸಲ. ನನ್ನ ಹೆಸರಿಗೆ ಬರೀರಿ ಅಂತ. ಆಗಲ್ಲಮ್ಮ ಅಂದೆ. ನಿಮ್ಮಪ್ಪನ್ನ ಕರ್ಕೊಂಡು ಬಂದ್ಲು."

ಇದು ನನಗೆ ಗೊತ್ತಿರಲಿಲ್ಲ. ಅವಳು ಯಾವತ್ತೂ ಹೇಳಿರಲಿಲ್ಲ. ಎದುರಿಸಿದ ಅಡೆತಡೆಗಳು: ಇಲ್ಲ.

ಅಷ್ಟರಲ್ಲಿ ಕುರ್ಚಿಯ ಮೆತ್ತೆಯ ಕೆಳಗೆ ಫೋನು ಗುಯ್‌ಗುಟ್ಟತೊಡಗಿತು. ಅಂಕಲ್ ನಕ್ಕರು. "ನೋಡಿ ಸಾರ್, ನೋಡಿ. ಇದೇ ನಾನು ಹೇಳಿದ್ದು. ಕೋಳಿ ಕಾವಿಗೆ ಕೂತ ಹಾಗೆ ಫೋನನ್ನ ಅಡಿಗೆ ಹಾಕ್ಕೊಂಡು ಕೂತಿರ್ತಾಳೆ."

ಕೈ ಒರೆಸಿಕೊಂಡೆ. ಮೆತ್ತೆ ಎತ್ತಿದೆ. ಬೆರಳಿನ ಅಂಟು ಫೋನಿಗೂ ಹತ್ತಿತು.

"ಗೋಂದಕ್ಕ ಇದಾರಾ?" ಎಂದಿತು ಆಚೆಯ ಧ್ವನಿ, ಆತುರದಲ್ಲಿ.

"ಇಲ್ಲ. ತೀರಿಕೊಂಡ್ರು. ನಾನು ಅವರ ಮಗಳು." ಇದನ್ನು ನಾನು ಈವರೆಗೆ ಯಾರಿಗೂ ಬಾಯಲ್ಲಿ ಹೇಳಿರಲಿಲ್ಲ. ಮಾತು ಹೊರಗೆ ಬಂದ ಮೇಲೆ ಕೋಣೆ ಸ್ವಲ್ಪ ದೊಡ್ಡದಾದ ಹಾಗೆ, ಖಾಲಿಯಾದ ಹಾಗೆ ಅನಿಸಿತು. "ಹೇಳಿ. ಹೌದು, ತೆರೆದಿದೆ. ಎಷ್ಟು ಪ್ರತಿ?"

ಚೀಟಿಯಲ್ಲಿ ನಾನೇ ತುಂಬಿಕೊಂಡೆ. ಕೆಂಪು ಬಟ್ಟೆ, ಮೂರು ಪ್ರತಿ, ಬುಧವಾರ. ಫೋನಿಟ್ಟಾಗ ಯಜಮಾನರು ಸ್ಟೂಲಿನ ಮೇಲೆ ಕೂತಿದ್ದರು.

"ಒಂದು ವರ್ಷಕ್ಕೆ ನೋಡೋಣ" ಅಂದರು, ಯಾರ ಕಡೆಯೂ ನೋಡದೆ. ಅಂಕಲ್ ಏನೋ ಹೇಳಲು ಬಾಯಿ ತೆರೆದು, ಮೆಷಿನ್ನಿನ ಹತ್ತಿರ ಯಾರೋ ಕೂಗಿದರೆಂದು ಹೊರಟುಹೋದರು. ಕೂಗು ನನಗೆ ಕೇಳಿಸಲಿಲ್ಲ.

ಕರಾರಿನ ಹಾಳೆಯಲ್ಲಿ ನನ್ನ ಹೆಸರಿನ ಕೆಳಗೆ ಒಂದು ಸಾಲಿತ್ತು. ತಂದೆ ಅಥವಾ ಪತಿಯ ಹೆಸರು. ಪೆನ್ನು ಅಲ್ಲಿ ನಿಂತಿತು. ಅಮ್ಮನ ಹೆಸರು ಬರೆಯಬಹುದಾ ಎಂದು ಕೇಳಬೇಕಿತ್ತು. ಕೇಳಿದರೆ ಅವರು ಯಾಕೆ ಅನ್ನುತ್ತಾರೆ, ನಾನು ಹೇಳಬೇಕು, ಅವರು ಇನ್ನೇನೋ ಕೇಳುತ್ತಾರೆ. ಮೇಜಿನ ಮೇಲೆ ನಾನು ಅಂಟು ಬಳಿದಿಟ್ಟ ರಟ್ಟಿನ ಅಂಚು ಆಗಲೇ ಹೊಳಪು ಕಳೆದುಕೊಳ್ಳುತ್ತಿತ್ತು.

ಅಪ್ಪನ ಹೆಸರು ಬರೆದು ಸಹಿ ಹಾಕಿದೆ.

ಆ ರಾತ್ರಿ ಅಣ್ಣ ಹೆಚ್ಚು ಮಾತಾಡಲಿಲ್ಲ. ಭಾನುವಾರವೂ ಇಲ್ಲ. ಜೆರಾಕ್ಸ್ ಅಂಕಲ್ ಎದುರಿಗೆ ಮುಖ ಹೇಗೆ ತೋರಿಸಲಿ ಎಂಬುದು ಅವನ ಸಂಕಟ. ಸೋಮವಾರ ನಾನು ಹೊರಡುವಾಗ ಮಾತ್ರ "ಫೋನು ಚಾರ್ಜ್ ಆಗಿದ್ಯಾ?" ಎಂದು ಕೇಳಿದ.

ಅಂಗಡಿಯಲ್ಲಿ ಪರದೆ ಬಿಚ್ಚಿ ಮಡಚಿಟ್ಟೆ. ನನ್ನ ಸ್ಟೂಲನ್ನು ಮುಂದೆ, ಅಮ್ಮನ ಕುರ್ಚಿಯ ಪಕ್ಕಕ್ಕೆ ತಂದೆ. ಕುರ್ಚಿಯ ಮೇಲೆ ಕೂರಲಾಗಲಿಲ್ಲ. ಪಕ್ಕದ ಅಂಗಡಿಯಿಂದ ಇಷ್ಟು ವರ್ಷ ನಮ್ಮ ಕಡೆ ಕಳಿಸುತ್ತಿದ್ದ ಗಿರಾಕಿಗಳಲ್ಲಿ ಒಬ್ಬರೂ ಅವತ್ತು ಬರಲಿಲ್ಲ. ಮೂರು ಕೆಂಪು ರಟ್ಟು ಕತ್ತರಿಸಿದೆ. ಅಂಟು ಕಲಸಿದೆ. ಹನ್ನೆರಡಾಯಿತು.

ಎದುರಿನ ಗೇಟಿನ ಹತ್ತಿರ ಮೇಡಂ ಕಂಡರು. ಹೆಗಲಲ್ಲಿ ಭಾರದ ಚೀಲ. ಗೇಟು ದಾಟುವ ಮುಂಚೆ ನಿಂತು, ರಸ್ತೆಯ ಈಚೆಗೆ ತಿರುಗಿ ನೋಡಿದರು. ಎತ್ತಿದ ಶಟರನ್ನು, ಬೋರ್ಡನ್ನು ನೋಡಿದರು. ನಾನು ಕೈ ಎತ್ತಿದೆ. ಬಿಸಿಲಿನಿಂದ ಒಳಗಿನ ಕತ್ತಲೆಗೆ ನೋಡಿದರೆ ನಾನು ಕಾಣುವುದಿಲ್ಲ ಎಂದು ಆಮೇಲೆ ಹೊಳೆಯಿತು. ಅವರು ಚೀಲವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡು ಒಳಗೆ ಹೋದರು.

ಕೈ ಇಳಿಸಿ ಕುಂಚ ಎತ್ತಿಕೊಂಡೆ.